ಬ್ಯಾಂಕ್ ಸೇಲ್ಸ್ ಕೆಲಸದ ಇಂಟರ್‌ವ್ಯೂ: ಕಡಿಮೆ ಮಾತಾಡಿ, ಜಾಸ್ತಿ ಕೇಳಿ

ಬ್ಯಾಂಕ್ ಶಾಖೆಯ ಸೇಲ್ಸ್ ಕೆಲಸಕ್ಕೆ ಇಂಟರ್‌ವ್ಯೂ ಕೊಡಲು ಬರುವವರನ್ನು ಮೇಜಿನ ಈಚೆ ಕೂತು ವರ್ಷಗಟ್ಟಲೆ ನೋಡಿದ್ದೇನೆ. ಚೆನ್ನಾಗಿ ಓದಿದವರು, ಮಾತಿನಲ್ಲಿ ಚುರುಕಾದವರು, ಎಲ್ಲ ತಯಾರಿ ಮಾಡಿಕೊಂಡು ಬಂದವರು ಕೂಡ ಒಂದೇ ಜಾಗದಲ್ಲಿ ಎಡವುತ್ತಾರೆ. ಸೇಲ್ಸ್ ಅಂದರೆ ಮಾತು ಅಂದುಕೊಂಡು ಮಾತಾಡುತ್ತಲೇ ಹೋಗುತ್ತಾರೆ, ಎದುರಿಗಿರುವವರನ್ನು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಇದು ಎದ್ದು ಕಾಣುವುದು ರೋಲ್ ಪ್ಲೇಯಲ್ಲಿ, ಅಂದರೆ ಗ್ರಾಹಕರ ಜೊತೆ ಮಾತಾಡುವ ಹಾಗೆ ನಟಿಸಿ ತೋರಿಸುವಾಗ. ಅದಕ್ಕೇ ಈ ಲೇಖನದಲ್ಲಿ ಆ ಹಂತಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದದ್ದೆಲ್ಲ ಬೇಗ ಮುಗಿಯುವಂಥದ್ದು.

1. ಇದು ಎಂಥ ಕೆಲಸ ಅಂತ ತಿಳಿದುಕೊಳ್ಳಿ

ಬ್ಯಾಂಕ್ ಕೆಲಸ ಅಂದ ಕೂಡಲೇ ಕೌಂಟರ್ ಹಿಂದೆ ಕೂತು ದುಡ್ಡು ಎಣಿಸುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇದು ಅದಲ್ಲ. ರಿಲೇಶನ್‌ಶಿಪ್ ಆಫೀಸರ್, ಪರ್ಸನಲ್ ಬ್ಯಾಂಕರ್, ಸೇಲ್ಸ್ ಆಫೀಸರ್, ಹೆಸರು ಏನೇ ಇರಲಿ, ಹೊಸ ಖಾತೆ, ಡಿಪಾಸಿಟ್, ಸಾಲ, ಕ್ರೆಡಿಟ್ ಕಾರ್ಡ್, ಇನ್ಶೂರೆನ್ಸ್, ಮ್ಯೂಚುವಲ್ ಫಂಡ್ ಇವುಗಳಲ್ಲಿ ಕೆಲವಕ್ಕೆ ಟಾರ್ಗೆಟ್ ಇದ್ದೇ ಇರುತ್ತದೆ. ನಿಮ್ಮ ಕೆಲಸವನ್ನು ಅಳೆಯುವುದು ಅದರಿಂದಲೇ.

ಬ್ಯಾಂಕ್ ದುಡ್ಡು ಮಾಡುವುದು ಹೇಗೆ ಅನ್ನುವುದನ್ನು ನಿಮ್ಮದೇ ಮಾತಿನಲ್ಲಿ ಹೇಳಲು ಬರಬೇಕು. ಸೇವಿಂಗ್ಸ್ ಮತ್ತು ಕರೆಂಟ್ ಖಾತೆಯಲ್ಲಿರುವ ಹಣಕ್ಕೆ ಬ್ಯಾಂಕ್ ಕೊಡುವ ಬಡ್ಡಿ ಕಡಿಮೆ, ಎಷ್ಟೋ ಕರೆಂಟ್ ಖಾತೆಗಳಿಗೆ ಬಡ್ಡಿಯೇ ಇಲ್ಲ. ಅದೇ ಹಣವನ್ನು ಜಾಸ್ತಿ ಬಡ್ಡಿಗೆ ಸಾಲ ಕೊಡುತ್ತದೆ. ನಡುವಿನ ವ್ಯತ್ಯಾಸವೇ ಅದರ ಮುಖ್ಯ ಆದಾಯ. ಇನ್ಶೂರೆನ್ಸ್, ಮ್ಯೂಚುವಲ್ ಫಂಡ್ ಮಾರಿದರೆ ಕಮಿಷನ್ ಸಿಗುತ್ತದೆ, ಅದರಲ್ಲಿ ಸಾಲ ವಾಪಸ್ ಬಾರದ ಭಯ ಇಲ್ಲ. "ಎಫ್‌ಡಿಗಿಂತ ಸೇವಿಂಗ್ಸ್ ಖಾತೆ ನಮಗೆ ಯಾಕೆ ಇಷ್ಟ?" ಅಂತ ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಉತ್ತರ ಇಷ್ಟೇ: ಎಫ್‌ಡಿಗೆ, ಅಂದರೆ ಫಿಕ್ಸೆಡ್ ಡಿಪಾಸಿಟ್‌ಗೆ, ಬ್ಯಾಂಕ್ ಜಾಸ್ತಿ ಬಡ್ಡಿ ಕೊಡಬೇಕು, ಸೇವಿಂಗ್ಸ್‌ಗೆ ಕಡಿಮೆ.

2. ರೆಸ್ಯೂಮ್

ಒಂದು ಪುಟ ಸಾಕು, ಮಾಡಿದ ಕೆಲಸದ ಪಕ್ಕ ಅಂಕಿ ಇರಲಿ. "ಸಂವಹನ ಕೌಶಲ" ಅಂತ ಬರೆದು ಪಕ್ಕದಲ್ಲಿ ಐದಕ್ಕೆ ನಾಲ್ಕು ನಕ್ಷತ್ರ ಹಾಕುವ ಟೆಂಪ್ಲೇಟ್‌ಗಳನ್ನು ದಯವಿಟ್ಟು ಬಳಸಬೇಡಿ, ಆ ನಕ್ಷತ್ರ ಕೊಟ್ಟವರು ಯಾರು? ಇನ್ನೊಂದು ಮಾತು: ಬ್ಯಾಂಕ್ ಕೆಲಸ ಕೊಡಿಸುತ್ತೇನೆ, ಮೊದಲು ಇಷ್ಟು ಕಟ್ಟಿ ಅನ್ನುವವರ ಫೋನ್ ಬಂದರೆ ಅಲ್ಲೇ ಇಟ್ಟುಬಿಡಿ. ಅದು ಮೋಸ.

3. ಶಾಖೆಗೆ ಒಮ್ಮೆ ಹೋಗಿ ಬನ್ನಿ

ವೆಬ್‌ಸೈಟ್ ಓದುವುದು ಒಳ್ಳೆಯದೇ, ಆದರೆ ಇಂಟರ್‌ವ್ಯೂಗೆ ಮುಂಚೆ ಆ ಬ್ಯಾಂಕಿನ ಯಾವುದಾದರೂ ಶಾಖೆಗೆ ಹೋಗಿ ಅರ್ಧ ಗಂಟೆ ಇದ್ದು ಬನ್ನಿ. ಗೋಡೆ ಮೇಲೆ ಯಾವುದರ ಜಾಹೀರಾತು ದೊಡ್ಡದಾಗಿದೆ? ಯಾರು ಕಾಯುತ್ತಿದ್ದಾರೆ, ಯಾವ ಕೆಲಸಕ್ಕೆ? ಒಂದು ಸೇವಿಂಗ್ಸ್ ಖಾತೆ, ಒಂದು ಸಾಲ, ಒಂದು ಕಾರ್ಡ್, ಈ ಮೂರರ ವಿವರ ಕೇಳಿ ತಿಳಿದುಕೊಳ್ಳಿ. ಮಿನಿಮಮ್ ಬ್ಯಾಲೆನ್ಸ್ ಎಷ್ಟು, ಶುಲ್ಕ ಎಷ್ಟು, ಬೇರೆ ಬ್ಯಾಂಕಿನದಕ್ಕೂ ಇದಕ್ಕೂ ಏನು ವ್ಯತ್ಯಾಸ. "ನಮ್ಮ ಬ್ಯಾಂಕ್ ಬಗ್ಗೆ ಏನು ಗೊತ್ತು?" ಅಂದಾಗ ಸ್ಥಾಪನೆಯಾದ ವರ್ಷ ಹೇಳುವವರು ಹತ್ತು ಜನ ಇರುತ್ತಾರೆ. "ನಿಮ್ಮ ಶಾಖೆಗೆ ಹೋಗಿದ್ದೆ, ಟೋಕನ್ ತಗೊಂಡು ಕಾಯುವವರ ಹತ್ತಿರ ಯಾರೂ ಮಾತಾಡುತ್ತಿರಲಿಲ್ಲ, ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ" ಅನ್ನುವವರು ಅಪರೂಪ.

4. ನಿಮ್ಮದೇ ಎರಡು ಅನುಭವ

ಮಾರಾಟದ ಅನುಭವ ಇಲ್ಲ ಅಂತ ಕೊರಗಬೇಡಿ. ಕಾಲೇಜಿನ ಕಾರ್ಯಕ್ರಮಕ್ಕೆ ಪ್ರಾಯೋಜಕರನ್ನು ಹುಡುಕಿದ್ದು, ಟ್ಯೂಷನ್‌ಗೆ ಮಕ್ಕಳನ್ನು ಸೇರಿಸಿಕೊಂಡಿದ್ದು ಕೂಡ ಮಾರಾಟವೇ ಅಲ್ವಾ? ಎಷ್ಟು ಬೇಕಿತ್ತು, ನೀವು ಏನು ಮಾಡಿದಿರಿ, ಕೊನೆಗೆ ಎಷ್ಟು ಆಯಿತು, ಈ ಮೂರು ಬಂದರೆ ಸಾಕು. ಒಂದು ಗೆದ್ದದ್ದು ಇರಲಿ, ಒಂದು ಸೋತದ್ದು ಇರಲಿ. ಸೇಲ್ಸ್‌ನಲ್ಲಿ ದಿನಾ "ಬೇಡ" ಅನ್ನಿಸಿಕೊಳ್ಳಬೇಕು, ಅನ್ನಿಸಿಕೊಂಡ ಮೇಲೆ ನೀವು ಏನು ಮಾಡುತ್ತೀರಿ ಅಂತ ನೋಡುವುದಕ್ಕೇ ಸೋತ ಕಥೆ ಕೇಳುತ್ತಾರೆ.

ದುಡ್ಡು ಕೊಟ್ಟು ತರುವ "ನೂರು ಪ್ರಶ್ನೆ, ನೂರು ಉತ್ತರ" ಪಿಡಿಎಫ್‌ಗಳಿಂದ ಮೂರು ಕಾಸಿನ ಪ್ರಯೋಜನ ಇಲ್ಲ. "ಜಾಸ್ತಿ ದುಡಿಯುವುದೇ ನನ್ನ ದೌರ್ಬಲ್ಯ" ಅನ್ನುವ ಉತ್ತರವನ್ನು ಒಂದೇ ಬೆಳಗ್ಗೆ ಸಾಲಾಗಿ ಬಂದವರೆಲ್ಲ ಹೇಳಿದರೆ ಎಲ್ಲಿಂದ ಬಂತು ಅಂತ ಗೊತ್ತಾಗಿಬಿಡುತ್ತದೆ.

5. ರೋಲ್ ಪ್ಲೇ

ಇಲ್ಲೇ ಕೆಲಸ ಸಿಗುವುದು, ಇಲ್ಲೇ ಹೋಗುವುದು. ಮಾತಿನ ನಡುವೆ ಇಂಟರ್‌ವ್ಯೂ ಮಾಡುವವರು ಇದ್ದಕ್ಕಿದ್ದ ಹಾಗೆ ಹೇಳುತ್ತಾರೆ: "ನಾನೊಬ್ಬ ಗ್ರಾಹಕ. ನನ್ನ ಎಫ್‌ಡಿ ಮುಗಿದಿದೆ, ರಿನ್ಯೂ ಮಾಡಿಸೋಕೆ ಬಂದಿದ್ದೀನಿ. ಶುರು ಮಾಡಿ."

ಸಾಮಾನ್ಯವಾಗಿ ಬರುವ ಉತ್ತರ ಹೀಗಿರುತ್ತದೆ: "ಎಫ್‌ಡಿ ಯಾಕೆ ಸರ್, ನಮ್ಮಲ್ಲಿ ಒಂದು ಸೂಪರ್ ಪ್ಲಾನ್ ಇದೆ, ಇನ್ಶೂರೆನ್ಸೂ ಆಯ್ತು, ಇನ್ವೆಸ್ಟ್‌ಮೆಂಟೂ ಆಯ್ತು..." ಅಂತ ಶುರುವಾಗಿ, ಉಸಿರು ಬಿಡದೆ ಪ್ಲಾನಿನ ಗುಣಗಾನ. ಎದುರಿಗಿರುವವರು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತಿರುತ್ತಾರೆ. ಅಷ್ಟರಲ್ಲಿ ತೀರ್ಮಾನ ಆಗಿಹೋಗಿರುತ್ತದೆ.

ಇನ್ನೊಂದು ರೀತಿ ನೋಡಿ.

"ಖಂಡಿತ ಸರ್, ಈಗಲೇ ಮಾಡಿಕೊಡ್ತೀನಿ. ಎಷ್ಟು ಸಮಯಕ್ಕೆ ಇಡಬೇಕು ಅಂದ್ಕೊಂಡಿದ್ದೀರಾ?"

"ಮೊದಲಿನ ಹಾಗೇ, ಒಂದು ವರ್ಷ."

"ಈ ದುಡ್ಡು ಯಾವುದಾದ್ರೂ ಖರ್ಚಿಗೆ ಅಂತ ಎತ್ತಿಟ್ಟಿದ್ದಾ ಸರ್?"

"ಹೌದು, ಮಗಳ ಕಾಲೇಜಿಗೆ. ಇನ್ನು ಎಂಟು ತಿಂಗಳಿಗೆ ಫೀಸ್ ಕಟ್ಟಬೇಕು."

ಎರಡೇ ಪ್ರಶ್ನೆಗೆ ಚಿತ್ರವೇ ಬದಲಾಯಿತು. ಒಂದು ವರ್ಷಕ್ಕೆ ಇಟ್ಟರೆ ನಡುವೆ ಮುರಿಯಬೇಕಾಗುತ್ತದೆ, ಬಡ್ಡಿಯಲ್ಲಿ ನಷ್ಟ. ಎಂಟು ತಿಂಗಳಲ್ಲಿ ಬೇಕಾದ ದುಡ್ಡನ್ನು ಷೇರು ಮಾರುಕಟ್ಟೆಗೆ ಸಂಬಂಧಪಟ್ಟ ಫಂಡ್‌ಗೆ ಹಾಕಿಸುವುದೂ ತಪ್ಪು, ಬೇಕಾದ ಹೊತ್ತಿಗೆ ಮಾರುಕಟ್ಟೆ ಬಿದ್ದಿದ್ದರೆ ಫೀಸ್ ಕಟ್ಟುವುದು ಹೇಗೆ? ಇನ್ನು ಆ ಇನ್ಶೂರೆನ್ಸ್ ಜೊತೆ ಇನ್ವೆಸ್ಟ್‌ಮೆಂಟ್ ಬೆರೆಸಿದ ಪ್ಲಾನ್ ಇದೆಯಲ್ಲ, ಮೊದಲ ಒಂದೆರಡು ವರ್ಷದಲ್ಲಿ ನಿಲ್ಲಿಸಿದರೆ ಕಟ್ಟಿದ್ದರಲ್ಲಿ ದೊಡ್ಡ ಪಾಲೇ ಹೋಗಬಹುದು. ರೋಲ್ ಪ್ಲೇಯಲ್ಲಿ ಅದರ ಹೆಸರನ್ನೇ ಎತ್ತಬೇಡಿ, ಇದು ನನ್ನ ಖಡಾಖಂಡಿತ ಸಲಹೆ. ಸರಿಯಾದ ಉತ್ತರ ಎಂಟು ತಿಂಗಳ ಎಫ್‌ಡಿ. ಹಾಗೇ ಹೇಳಿ, ಯಾಕೆ ಅಂತಲೂ ಹೇಳಿ.

ಹಾಗಾದರೆ ಮಾರಿದ್ದೇನು? ನಿಲ್ಲಿ, ಇನ್ನೂ ಮುಗಿದಿಲ್ಲ. "ಫೀಸ್‌ಗೆ ಇದಿಷ್ಟೇ ಸಾಕಾಗುತ್ತಾ ಸರ್, ಇನ್ನೂ ಬೇಕಾಗಬಹುದಾ?" ಅಂತ ಕೇಳಿದರೆ ಎಜುಕೇಶನ್ ಲೋನ್ ವಿಷಯ ತಾನಾಗಿ ಬರುತ್ತದೆ. "ಮಗಳಿಗೆ ಸ್ವಂತ ಖಾತೆ ಇದೆಯಾ?" ಅಂದರೆ ಹೊಸ ಖಾತೆ. ಗ್ರಾಹಕರ ಬಾಯಿಂದಲೇ ಎರಡು ಅಗತ್ಯ ಬಂದವು. ಆದರೆ ಎರಡನ್ನೂ ಒಟ್ಟಿಗೆ ಹೇರಬೇಡಿ. ದೊಡ್ಡದು ಯಾವುದೋ ಅದನ್ನು ಮೊದಲು ತೆಗೆದುಕೊಳ್ಳಿ.

ಈಗ ಅವರು ಬೇಕಂತಲೇ ಅಡ್ಡ ಹಾಕುತ್ತಾರೆ. "ಲೋನಾ? ಯೋಚನೆ ಮಾಡಿ ಹೇಳ್ತೀನಿ." ಇಲ್ಲಿ ಅರ್ಧ ಜನ "ಆಯ್ತು ಸರ್" ಅಂತ ಕೈಬಿಡುತ್ತಾರೆ, ಇನ್ನರ್ಧ ಜನ ವಾದಕ್ಕೆ ಇಳಿಯುತ್ತಾರೆ. ಎರಡೂ ಬೇಡ. "ಖಂಡಿತ ಯೋಚನೆ ಮಾಡಿ ಸರ್. ಯಾವ ವಿಷಯ ಮನಸ್ಸಿಗೆ ಒಪ್ತಿಲ್ಲ, ಬಡ್ಡಿನಾ, ಕಾಗದಪತ್ರದ ಓಡಾಟನಾ?" ಅಂತ ಮೆತ್ತಗೆ ಕೇಳಿ. "ಯೋಚನೆ ಮಾಡ್ತೀನಿ" ಅನ್ನುವುದರ ಹಿಂದೆ ಒಂದು ನಿಜವಾದ ಕಾರಣ ಇರುತ್ತದೆ, ಅದು ಹೊರಗೆ ಬಂದರೆ ಮಾತ್ರ ಉತ್ತರ ಕೊಡಲು ಸಾಧ್ಯ. ಬಡ್ಡಿ ಎಷ್ಟು ಅಂತ ಕೇಳಿ ನಿಮಗೆ ಗೊತ್ತಿಲ್ಲದಿದ್ದರೆ ಬಾಯಿಗೆ ಬಂದ ಅಂಕಿ ಹೇಳಬೇಡಿ. "ಇವತ್ತಿನ ದರ ನೋಡಿ ಹೇಳ್ತೀನಿ" ಅನ್ನಿ. ಸುಳ್ಳು ಅಂಕಿ ಹೇಳುತ್ತಾರಾ ಅಂತ ಪರೀಕ್ಷೆ ಮಾಡುವವರೂ ಇದ್ದಾರೆ.

ಕೊನೆಯ ಮಾತು ಬಹಳ ಜನ ಮರೆಯುತ್ತಾರೆ. ಎಲ್ಲ ಚೆನ್ನಾಗಿ ವಿವರಿಸಿ, ನಕ್ಕು, ಸುಮ್ನೆ ಕೂತುಬಿಡುತ್ತಾರೆ. ಗ್ರಾಹಕರು ತಾವಾಗಿ "ಕೊಡಿ" ಅನ್ನುವುದಿಲ್ಲ, ನೀವೇ ಕೇಳಬೇಕು. "ಎಫ್‌ಡಿ ಈಗಲೇ ಮಾಡಿಬಿಡ್ತೀನಿ ಸರ್. ಲೋನ್‌ಗೆ ಬೇಕಾದ ಕಾಗದಗಳ ಪಟ್ಟಿ ಕೊಡ್ತೀನಿ, ಗುರುವಾರ ಬೆಳಗ್ಗೆ ಫೋನ್ ಮಾಡ್ಲಾ?" ದಿನ, ಹೊತ್ತು, ಮುಂದಿನ ಕೆಲಸ, ಮೂರೂ ಆ ಒಂದು ವಾಕ್ಯದಲ್ಲಿವೆ.

ಇದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಿದರೆ ಬರುವುದಿಲ್ಲ. ಗೆಳೆಯರೊಬ್ಬರಿಗೆ ಗ್ರಾಹಕರ ಪಾತ್ರ ಕೊಡಿ. ಅವರು ಒಂದು ಗುಟ್ಟನ್ನು ಚೀಟಿಯಲ್ಲಿ ಬರೆದು ಮಡಚಿ ಇಟ್ಟುಕೊಳ್ಳಲಿ: ಮನೆ ಕಟ್ಟಿಸಬೇಕು, ಕೆಲಸ ಬಿಡುವ ಯೋಚನೆ ಇದೆ, ಬೇರೆ ಬ್ಯಾಂಕಿನ ಮೇಲೆ ಸಿಟ್ಟಿದೆ, ಏನಾದರೂ ಸರಿ. ನೇರವಾಗಿ ಕೇಳದೆ ಅವರು ಹೇಳಬಾರದು. ಐದು ನಿಮಿಷದಲ್ಲಿ ಆ ಗುಟ್ಟು ನಿಮಗೆ ಸಿಕ್ಕಿದೆಯಾ ನೋಡಿ. ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ, ಎಷ್ಟು ಹೊತ್ತು ನೀವೇ ಮಾತಾಡಿದ್ದೀರಿ ಅನ್ನುವುದು ಗೊತ್ತಾಗುತ್ತದೆ.

"ಈ ಪೆನ್ ನನಗೆ ಮಾರಿ" ಅನ್ನುವ ಹಳೇ ಪ್ರಶ್ನೆಗೂ ಇದೇ ದಾರಿ. "ನೀವು ದಿನಾ ಏನು ಬರೀತೀರಿ ಸರ್?" ಅಂತ ಶುರು ಮಾಡಿ. ಅದಕ್ಕಾಗಿಯೇ ಇರುವ ವಿಡಿಯೋಗಳ ನಾಟಕೀಯ ಉತ್ತರಗಳನ್ನು ಬಿಟ್ಟುಬಿಡಿ.

6. ಟಾರ್ಗೆಟ್ ಲೆಕ್ಕ

"ಟಾರ್ಗೆಟ್ ಹೇಗೆ ಮುಟ್ಟುತ್ತೀರಿ?" ಅಂದರೆ "ಕಷ್ಟಪಡ್ತೀನಿ ಸರ್" ಅನ್ನಬೇಡಿ. ಲೆಕ್ಕ ಹೇಳಿ. ತಿಂಗಳಿಗೆ 20 ಖಾತೆ ಬೇಕು ಅಂತಿಟ್ಟುಕೊಳ್ಳಿ. ನಾಲ್ಕು ಜನರ ಜೊತೆ ಮಾತಾಡಿದರೆ ಒಬ್ಬರು ಖಾತೆ ತೆರೆಯುತ್ತಾರೆ ಅಂದುಕೊಂಡರೆ 80 ಜನ ಬೇಕು. ಕೆಲಸದ ದಿನ 24 ಅಂದರೆ ದಿನಕ್ಕೆ ಮೂರೋ ನಾಲ್ಕೋ ಜನ. ಅವರು ಎಲ್ಲಿಂದ ಬರುತ್ತಾರೆ? ಶಾಖೆಗೆ ಬರುವವರು, ಹಳೇ ಗ್ರಾಹಕರು ಕಳಿಸುವವರು, ಕ್ಯಾಷಿಯರ್ ತೋರಿಸಿಕೊಡುವವರು, ಹತ್ತಿರದ ಆಫೀಸು ಅಂಗಡಿಗಳು. ಹೀಗೆ ಬಿಡಿಸಿ ಹೇಳಿದವರಿಗೆ ಕೆಲಸದ ಹಿಡಿತ ಇದೆ ಅಂತ ಯಾರಿಗಾದರೂ ಅನ್ನಿಸುತ್ತದೆ.

7. ಪ್ರಾಮಾಣಿಕತೆಯ ಪ್ರಶ್ನೆ

"ತಿಂಗಳ ಕೊನೇ ದಿನ. ಟಾರ್ಗೆಟ್‌ಗೆ ಒಂದು ಪಾಲಿಸಿ ಕಮ್ಮಿ. ವಯಸ್ಸಾದ ಗ್ರಾಹಕರೊಬ್ಬರು ನೀವು ತೋರಿಸಿದ ಕಡೆ ಸಹಿ ಹಾಕ್ತಾರೆ. ಏನ್ ಮಾಡ್ತೀರಿ?" ಈ ಪ್ರಶ್ನೆ ಸುಮ್ನೆ ಕೇಳುವುದಲ್ಲ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಒಬ್ಬೊಬ್ಬ ಗ್ರಾಹಕರಿಗೂ ಎಂಟು ಪ್ರಾಡಕ್ಟ್ ಮಾರಬೇಕು ಅನ್ನುವ ಗುರಿ ಇತ್ತು. ಆ ಒತ್ತಡದಲ್ಲಿ ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆ ಅವರ ಹೆಸರಲ್ಲಿ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ಜನರ ಕೆಲಸ ಹೋಗಿತ್ತು. 2020ರಲ್ಲಿ ಅದೇ ವಿಷಯಕ್ಕೆ ಮತ್ತೆ 300 ಕೋಟಿ ಡಾಲರ್ ಕಟ್ಟಲು ಬ್ಯಾಂಕ್ ಒಪ್ಪಿಕೊಂಡಿತು. ಬ್ರಿಟನ್ನಿನಲ್ಲಿ ಸಾಲದ ಜೊತೆ ಬೇಡದ ಇನ್ಶೂರೆನ್ಸ್ ತಗಲಿಸಿದ್ದಕ್ಕೆ ಬ್ಯಾಂಕುಗಳು 3,800 ಕೋಟಿ ಪೌಂಡ್‌ಗಿಂತ ಜಾಸ್ತಿ ವಾಪಸ್ ಕೊಡಬೇಕಾಯಿತು.

"ಮಾರುವುದಿಲ್ಲ" ಅಂತ ನೇರವಾಗಿ ಹೇಳಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ, ಬದಲಿಗೆ ಏನು ಮಾಡುತ್ತೀರಿ ಅನ್ನುವುದೂ ಬೇಕು: ಯೋಚನೆ ಮಾಡಿ ಹೇಳ್ತೀನಿ ಅಂದವರಿಗೆಲ್ಲ ಅವತ್ತು ಫೋನ್ ಮಾಡುತ್ತೇನೆ, ಆಗದಿದ್ದರೆ ಸಂಜೆಯವರೆಗೆ ಕಾಯದೆ ಮ್ಯಾನೇಜರ್‌ಗೆ ಮೊದಲೇ ಹೇಳುತ್ತೇನೆ. ಇದಕ್ಕೆ "ಹಾಗಾದರೆ ನೀವು ಸೇಲ್ಸ್‌ಗೆ ಆಗಲ್ಲ" ಅಂತ ಯಾರಾದರೂ ಮುಖ ತಿರುಗಿಸಿದರೆ ಆ ಶಾಖೆಗೆ ಸೇರಬೇಡಿ. ಸಿಕ್ಕಿಬಿದ್ದ ದಿನ ಆ ಕಾಗದದ ಮೇಲೆ ಇರುವುದು ನಿಮ್ಮ ಹೆಸರು.

8. ಬಟ್ಟೆ, ಸಮಯ

ಒಗೆದು ಇಸ್ತ್ರಿ ಮಾಡಿದ ಸಾದಾ ಬಟ್ಟೆ ಸಾಕು. ಹತ್ತು ನಿಮಿಷ ಮುಂಚೆ ಹೋಗಿ.

9. ನೀವು ಕೇಳಬೇಕಾದದ್ದು

"ಏನಾದರೂ ಕೇಳುವುದಿದೆಯಾ?" ಅಂದಾಗ "ಏನಿಲ್ಲ ಸರ್" ಅಂದುಬಿಟ್ಟರೆ ಇಷ್ಟು ಹೊತ್ತು ಮಾಡಿದ್ದೆಲ್ಲ ಅರ್ಧ ನೀರುಪಾಲು. ಸಂಬಳದಲ್ಲಿ ಖಾತ್ರಿ ಎಷ್ಟು, ಇನ್ಸೆಂಟಿವ್ ಎಷ್ಟು? ಗ್ರಾಹಕರು ಕೆಲವೇ ತಿಂಗಳಲ್ಲಿ ಖಾತೆ ಮುಚ್ಚಿದರೆ ಕೊಟ್ಟ ಇನ್ಸೆಂಟಿವ್ ವಾಪಸ್ ಹಿಡಿಯುತ್ತೀರಾ? ಟಾರ್ಗೆಟ್ ಶಾಖೆಗೋ, ಒಬ್ಬೊಬ್ಬರಿಗೋ? ಮೊದಲ ಮೂರು ತಿಂಗಳು ಕಲಿಯಲು ಸಮಯ ಇದೆಯಾ, ಮೊದಲ ದಿನದಿಂದಲೇ ಪೂರ್ತಿ ಟಾರ್ಗೆಟ್ಟಾ? ಎಲ್ಲದಕ್ಕಿಂತ ಮುಖ್ಯವಾಗಿ, ಈ ಜಾಗದಲ್ಲಿ ಮೊದಲು ಇದ್ದವರು ಈಗ ಎಲ್ಲಿದ್ದಾರೆ ಅಂತ ಕೇಳಿ. ಬಡ್ತಿ ಸಿಕ್ಕಿ ಹೋಗಿದ್ದರೆ ಸಂತೋಷವಾಗಿ ಹೇಳುತ್ತಾರೆ. ಉತ್ತರ ತಡವರಿಸಿದರೆ, ಆಫರ್ ಬಂದ ಮೇಲೂ ಒಂದು ದಿನ ಸಮಯ ಕೇಳಿ, ಆ ಶಾಖೆಯಲ್ಲಿ ಕೆಲಸ ಮಾಡುವ ಯಾರನ್ನಾದರೂ ಮಾತಾಡಿಸಿ, ಆಮೇಲೆ ಒಪ್ಪಿಕೊಳ್ಳಿ.