ಪಠ್ಯ ಕಾದಂಬರಿಗೆ ನಿಮ್ಮದೇ ಸ್ಪಂದನೆ ಬರೆಯುವ ಬಗೆ

ಮೊದಲ ಓದಿನಲ್ಲಿ ಟಿಪ್ಪಣಿ ಬೇಡ. ಮನಸ್ಸು ಕದಲಿದ ಕಡೆ ಪೆನ್ಸಿಲಿನಿಂದ ಗೆರೆ ಎಳೆದರೆ ಸಾಕು. ಎರಡನೆಯ ಓದಿನಲ್ಲಿ ಅವುಗಳಲ್ಲಿ ಒಂದನ್ನೇ ಆರಿಸಿ. ಕಷ್ಟದ ಕೆಲಸ ಇದೇ, ಸಮಯ ಕೊಡಿ.

ಪಠ್ಯ ಯು.ಆರ್. ಅನಂತಮೂರ್ತಿಯವರ 1965ರ ‘ಸಂಸ್ಕಾರ’ ಎನ್ನೋಣ. ‘ಕಾದಂಬರಿ ಮನಮುಟ್ಟಿತು’ ಎಂಬ ಮಾತು ಯಾವ ಪುಸ್ತಕಕ್ಕೂ ಹೊಂದುತ್ತದೆ, ಹೊಡೆದುಹಾಕಿ. ಸತ್ತ ನಾರಣಪ್ಪನ ಶವಸಂಸ್ಕಾರಕ್ಕೆಂದು ಅವನ ಜೊತೆ ಬಾಳಿದ ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿಟ್ಟಾಗ ಅಗ್ರಹಾರದವರಲ್ಲಿ ಆಸೆ ಹುಟ್ಟುವುದನ್ನು ಹಿಡಿಯಿರಿ. ನಿಮಗೆ ಸಿಟ್ಟು ಬಂತೇ, ನಾಚಿಕೆಯೇ? ಯಾವ ವಾಕ್ಯದಲ್ಲಿ? ಅದನ್ನು ಪುಟಸಂಖ್ಯೆಯೊಡನೆ ಉದ್ಧರಿಸಿ, ನಿಮ್ಮ ಮನೆ, ಊರಿನಲ್ಲಿ ಕಂಡದ್ದರ ಪಕ್ಕ ಇಟ್ಟು ಕಾರಣ ಹುಡುಕಿ.

ಒಂದು ಪುಟದ ಬರಹಕ್ಕೆ ಮೂರು ಸಾಲಿನ ಕಥಾಸಾರ ಸಾಕು. ಮೇಷ್ಟ್ರು ಕಥೆ ಓದಿರುತ್ತಾರೆ. ಪಾತ್ರ ಹಿಡಿಸದಿದ್ದರೆ ಹಾಗೆಂದೇ ಬರೆಯಿರಿ. ಗೈಡನ್ನು ಕೊನೆಗೆ ತೆರೆಯಿರಿ. ಮೊದಲೇ ನೋಡಿದರೆ ಅದರ ಪದಗಳೇ ಕೈಗೆ ಬರುತ್ತವೆ.