ಗಂಜ್ ಅಂಗಡಿಯ ದರಪಟ್ಟಿ ಟಿವಿ ಪರದೆಯ ಮೇಲೆ: ಪ್ಲೇಯರ್ ಜೋಡಿಸುವ ಬಗೆ

ಕಲಬುರಗಿಯ ನೆಹರೂ ಗಂಜ್‌ನ ಅಡತ್ ಅಂಗಡಿ ಇರಲಿ, ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿ ಇರಲಿ, ದವಾಖಾನೆಯ ಹೊರಾಂಗಣ ಇರಲಿ, ಗೋಡೆಗೆ ಟಿವಿ ಹಚ್ಚಿ ಪೆನ್‌ಡ್ರೈವ್ ಚುಚ್ಚಿದರೆ ಎರಡು ದಿನ ಚೆನ್ನಾಗಿಯೇ ಓಡುತ್ತದೆ. ಮೂರನೇ ದಿನ ಕರೆಂಟ್ ಹೋಗಿ ಬರುತ್ತದೆ. ಟಿವಿ ಒಂದು ಕೆಂಪು ದೀಪ ಹಚ್ಚಿಕೊಂಡು ಸುಮ್ಮನೆ ಕೂರುತ್ತದೆ. ರಿಮೋಟ್ ಯಾವ ಗಲ್ಲಾದಲ್ಲಿದೆಯೋ ಹುಡುಕಬೇಕು, ಮತ್ತೆ ಪೆನ್‌ಡ್ರೈವ್ ತೆರೆದು ಫೈಲ್ ಒತ್ತಬೇಕು. ಆದ್ದರಿಂದ ಕೆಳಗಿನ ಜೋಡಣೆಯನ್ನೆಲ್ಲ ಒಂದೇ ಗುರಿ ಇಟ್ಟುಕೊಂಡು ಹೇಳಿದೆ: ಕರೆಂಟ್ ಹೋಗಿ ಬಂದ ಮೇಲೆ ಯಾರೂ ಕೈ ಹಚ್ಚದೆ ದರಪಟ್ಟಿ ತಾನಾಗಿ ಪರದೆಯ ಮೇಲೆ ಬರಬೇಕು.

ಉದಾಹರಣೆಗೆ ಒಂದು ಅಡತ್ ಅಂಗಡಿ ಹಿಡಿಯೋಣ. 43 ಇಂಚಿನ ಎರಡು ಪರದೆ, ಒಂದು ಗಾದಿಯ ಎದುರಿನ ಗೋಡೆಗೆ, ಇನ್ನೊಂದು ಮುಂದಿನ ಪಡಸಾಲೆಯಲ್ಲಿ. ಎರಡರಲ್ಲೂ ಅದೇ ದರಪಟ್ಟಿ. ಇದಕ್ಕೆ ಬೇಕಾಗುವುದು: ಪ್ಲೇಯರ್ ಆಗಿ ಕೆಲಸ ಮಾಡುವ ಅಂಗೈಯಷ್ಟು ಸಣ್ಣ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4 ಒಂದು (2 ಜಿಬಿ ರ‍್ಯಾಮ್ ಸಾಕು), ಅದರದೇ 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್, ಫ್ಯಾನ್ ಇಲ್ಲದ ಅಲ್ಯೂಮಿನಿಯಂ ಕವಚ, 32 ಜಿಬಿ ಮೆಮೊರಿ ಕಾರ್ಡ್ ಎರಡು (ಒಂದು ಹೆಚ್ಚುವರಿ), ಮೈಕ್ರೊ ಎಚ್‌ಡಿಎಂಐನಿಂದ ಎಚ್‌ಡಿಎಂಐಗೆ ಬರುವ 1 ಮೀಟರ್ ಕೇಬಲ್, ಒಂದು ಕಡೆ ಒಳಗೆ ಎರಡು ಕಡೆ ಹೊರಗೆ ಇರುವ ಸ್ಪ್ಲಿಟರ್, ಎರಡು ಎಚ್‌ಡಿಎಂಐ ಕೇಬಲ್, 600 ವಿಎ ಯುಪಿಎಸ್ ಒಂದು, ರೂಟರ್‌ನಿಂದ ಪ್ಲೇಯರ್‌ವರೆಗೆ ಲ್ಯಾನ್ ಕೇಬಲ್. ಎರಡು ಪರದೆಯಲ್ಲಿ ಬೇರೆ ಬೇರೆ ವಿಷಯ ಓಡಬೇಕಾದರೆ ಸ್ಪ್ಲಿಟರ್ ಬೇಡ, ಪರದೆಗೊಂದು ಪ್ಲೇಯರ್ ತೊಗೊಳ್ಳಿ.

ಟಿವಿ ಕೊಳ್ಳುವ ಮುಂಚೆ

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿಸಿ. ಟಿವಿಯನ್ನು ಎಚ್‌ಡಿಎಂಐ 1ಕ್ಕೆ ಇಟ್ಟು, ರಿಮೋಟ್ ಮುಟ್ಟದೆ ಗೋಡೆಯ ಸ್ವಿಚ್ ಬಂದ್ ಮಾಡಿ. ಒಂದು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ. ಟಿವಿ ತಾನೇ ಎದ್ದು ಎಚ್‌ಡಿಎಂಐ 1ಕ್ಕೇ ಬಂದರೆ ಅದು ನಿಮ್ಮ ಕೆಲಸಕ್ಕೆ ಬರುತ್ತದೆ. ಕೆಂಪು ದೀಪದಲ್ಲೇ ನಿಂತರೆ ಅಥವಾ ಸ್ಮಾರ್ಟ್ ಟಿವಿಯ ಹೋಮ್ ಪುಟಕ್ಕೆ ಹೋದರೆ ಸೆಟ್ಟಿಂಗ್ಸ್‌ನಲ್ಲಿ ‘ಪವರ್ ಆನ್ ಮೋಡ್’ ಅಥವಾ ‘ಪವರ್ ಆನ್ ಇನ್‌ಪುಟ್’ ಎಂಬ ಆಯ್ಕೆ ಇದೆಯೇ ನೋಡಿ. ಕೆಲವು ಟಿವಿಗಳಲ್ಲಿ ಅದು, ಹೋಟೆಲ್ ಕೋಣೆಗಳ ಟಿವಿಗೆಂದು ಇಟ್ಟ ಹೋಟೆಲ್ ಮೋಡ್‌ನ ಒಳಗೆ ಅಡಗಿರುತ್ತದೆ. ಅಲ್ಲೂ ಸಿಗದಿದ್ದರೆ ಆ ಟಿವಿ ಬೇಡ, ಎಷ್ಟೇ ಅಗ್ಗ ಇರಲಿ. ಸೈನೇಜ್‌ಗೆಂದೇ, ಅಂದರೆ ಅಂಗಡಿಯ ಫಲಕ, ಜಾಹೀರಾತು ತೋರಿಸಲೆಂದೇ ಮಾಡಿದ ಕಮರ್ಷಿಯಲ್ ಡಿಸ್‌ಪ್ಲೇಗಳಲ್ಲಿ ಈ ತೊಂದರೆ ಅಪರೂಪ, ಬೆಳಕೂ ಮನೆಯ ಟಿವಿಗಿಂತ ಹೆಚ್ಚು. ದಿನಕ್ಕೆ 12 ತಾಸಿಗಿಂತ ಹೆಚ್ಚು ಓಡಿಸುವವರು ಅದನ್ನೇ ತೊಗೊಳ್ಳುವುದು ಲೇಸು.

ಎರಡೂ ಟಿವಿ ಒಂದೇ ರೆಸಲ್ಯೂಶನ್‌ನವು ಆಗಿರಲಿ. ಒಂದು ಫುಲ್ ಎಚ್‌ಡಿ, ಇನ್ನೊಂದು ಹಳೆಯ 32 ಇಂಚಿನ ಎಚ್‌ಡಿ ರೆಡಿ ಆದರೆ ಸ್ಪ್ಲಿಟರ್ ಕಡಿಮೆಯದರ ಮಾತು ಕೇಳಿ ಎರಡನ್ನೂ ಮಸುಕು ಮಾಡಿಬಿಡಬಹುದು.

ಟಿವಿ ಮನೆಗೆ ಬಂದ ಮೇಲೆ ಬದಲಿಸಬೇಕಾದವು: ಸಿಗ್ನಲ್ ಇಲ್ಲದಾಗ ತಾನೇ ಬಂದ್ ಆಗುವುದು, ನಾಲ್ಕು ತಾಸು ರಿಮೋಟ್ ಮುಟ್ಟದಿದ್ದರೆ ಬಂದ್ ಆಗುವುದು, ವಿದ್ಯುತ್ ಉಳಿತಾಯ, ಇವೆಲ್ಲ ಆಫ್. ಚಿತ್ರದ ಅಂಚು ಕತ್ತರಿಸಿದಂತೆ ಕಂಡರೆ ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಸ್ಕ್ರೀನ್ ಫಿಟ್’ ಆರಿಸಿ. ಎಚ್‌ಡಿಎಂಐ 1ಕ್ಕೆ ‘ಪಿಸಿ’ ಎಂದು ಹೆಸರು ಕೊಡಿ, ಶಾರ್ಪ್‌ನೆಸ್ ಇಳಿಸಿ. ಅಕ್ಷರದ ಸುತ್ತ ಕಾಣುವ ಬಿಳಿ ನೆರಳು ಇಷ್ಟರಿಂದಲೇ ಹೋಗುತ್ತದೆ.

ಜಾಗ, ಬಿಸಿಲು, ಗೋಡೆ

ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಬಹುತೇಕ ಎಲ್‌ಸಿಡಿ ಪರದೆಗಳ ಜೊತೆ ಬರುವ ಹಾಳೆಯಲ್ಲಿ ಕೆಲಸದ ಉಷ್ಣತೆ 0ದಿಂದ 40 ಡಿಗ್ರಿ ಎಂದೇ ಬರೆದಿರುತ್ತದೆ. ತಗಡಿನ ಸೂರಿನ ಕೆಳಗೆ, ಪಡುವಣದ ಬಿಸಿಲು ನೇರ ಬೀಳುವ ಕಡೆ ಹಚ್ಚಿದರೆ ಮಧ್ಯಾಹ್ನ ಮೂರರ ಹೊತ್ತಿಗೆ ಪರದೆಯ ನಡುವೆ ಮಸಿ ಚೆಲ್ಲಿದಂತೆ ಕಪ್ಪು ಕಲೆ ಏಳುತ್ತದೆ. ಬಿಸಿಗೆ ಒಳಗಿನ ದ್ರವ ಹರಳು ತನ್ನ ಜೋಡಣೆ ಕಳೆದುಕೊಳ್ಳುವುದರಿಂದ ಹೀಗಾಗುತ್ತದೆ; ತಂಪಾದರೆ ಕಲೆ ಹೋಗಬಹುದು, ಆದರೆ ದಿನಾ ಹೀಗೇ ಆದರೆ ಪರದೆ ಉಳಿಯುವುದಿಲ್ಲ. ಪಡಸಾಲೆಯ ಪರದೆ ನೆರಳಿನ ಗೋಡೆಗೇ ಬರಲಿ. ರಸ್ತೆಗೆ ಮುಖ ಮಾಡಿ ಬಿಸಿಲಲ್ಲೇ ನಿಲ್ಲಬೇಕೆಂದರೆ ಟಿವಿಯ ಆಸೆ ಬಿಟ್ಟು, ಸಣ್ಣ ದೀಪಗಳ ಚುಕ್ಕಿಯಿಂದ ಅಕ್ಷರ ಮೂಡಿಸುವ ಪಿ10 ಎಲ್‌ಇಡಿ ಬೋರ್ಡ್ ಮಾಡಿಸಿ. ಅದರ ಒಂದು ಮಾಡ್ಯೂಲ್ 32 ಸೆಂಟಿಮೀಟರ್ ಅಗಲ, 16 ಸೆಂಟಿಮೀಟರ್ ಎತ್ತರ, ಎತ್ತರಕ್ಕೆ ಬರೀ 16 ಚುಕ್ಕಿ. ಅಷ್ಟರಲ್ಲಿ ಇಂಗ್ಲಿಷ್ ಕೂರುತ್ತದೆ, ಕನ್ನಡದ ಒತ್ತಕ್ಷರ ಕೂರುವುದಿಲ್ಲ. ಕನ್ನಡಕ್ಕೆ ಒಂದರ ಮೇಲೊಂದು ಎರಡು ಸಾಲು ಮಾಡ್ಯೂಲ್ ಹೇಳಿ.

ಗಂಜ್‌ನ ಹಳೆಯ ಅಂಗಡಿಗಳ ಗೋಡೆ ಕಲ್ಲಿನದು, ನಡುವೆ ಮಣ್ಣಿನ ಗಾರೆ. ಡ್ರಿಲ್ ಸಂದಿಗೆ ಬಿದ್ದರೆ ಮಣ್ಣು ಉದುರಿ ಬೋಲ್ಟ್ ಹಿಡಿಯುವುದಿಲ್ಲ. ತೂತು ಕಲ್ಲಿನ ನಡುವಿಗೇ ಬರಬೇಕು. ನಾಲ್ಕೂ ತೂತಿಗೆ ಕಲ್ಲು ಸಿಗದಿದ್ದರೆ ಮೊದಲು ಕಬ್ಬಿಣದ ಎರಡು ಪಟ್ಟಿಯನ್ನು ಗಟ್ಟಿ ಸಿಕ್ಕ ಕಡೆ ಆ್ಯಂಕರ್ ಬೋಲ್ಟ್‌ನಿಂದ ಬಿಗಿದು, ಬ್ರ್ಯಾಕೆಟ್ ಅದಕ್ಕೆ ಹಚ್ಚಿ. ಟಿವಿಯ ಹಿಂದಿನ ಸ್ಕ್ರೂ ಬಗ್ಗೆ ಒಂದು ಎಚ್ಚರ: ಉದ್ದ ಹೆಚ್ಚಾದರೆ ಅದು ಒಳಗೆ ಹೋಗಿ ಪ್ಯಾನೆಲ್ ಒಡೆಯುತ್ತದೆ. ಬೆಂಕಿಕಡ್ಡಿ ತೂರಿಸಿ ತೂತಿನ ಆಳ ಅಳೆಯಿರಿ, ಅದಕ್ಕೆ ಬ್ರ್ಯಾಕೆಟ್‌ನ ದಪ್ಪ ಕೂಡಿಸಿ, ಬಂದ ಅಳತೆಗಿಂತ 2 ಮಿಲಿಮೀಟರ್ ಗಿಡ್ಡ ಸ್ಕ್ರೂ ತನ್ನಿ. ಟಿವಿಯ ಕೆಳ ಅಂಚು ನೆಲದಿಂದ 7 ಅಡಿ ಮೇಲಿರಲಿ, ಚೀಲ ಹೊತ್ತ ಹಮಾಲರ ಭುಜ ತಗಲುವುದಿಲ್ಲ. ಮುಖ ಸ್ವಲ್ಪ ಕೆಳಗೆ ಬಾಗಲಿ.

ಪ್ಲೇಯರ್ ಟಿವಿಯ ಹಿಂದೆ ಮೇಲ್ಭಾಗದಲ್ಲಿ ಬೇಡ, ಟಿವಿಯ ಬಿಸಿಯೆಲ್ಲ ಅಲ್ಲಿಗೇ ಏರುತ್ತದೆ. ಪೈ 4ರ ಚಿಪ್ 80 ಡಿಗ್ರಿ ಮುಟ್ಟಿದ ಕೂಡಲೇ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಆಗ ವಿಡಿಯೊ ಮುಗ್ಗರಿಸುತ್ತದೆ. ಕೆಳ ಅಂಚಿನ ಪಕ್ಕ ಗಾಳಿಯಾಡುವ ಕಡೆ ಕೂರಿಸಿ. ಫ್ಯಾನ್ ಬೇಡ ಎಂದದ್ದು ತೊಗರಿಯ ಧೂಳಿಗಾಗಿ: ಗಂಜ್‌ನಲ್ಲಿ, ದಾಲ್ ಮಿಲ್ ಪಕ್ಕದಲ್ಲಿ ಸಣ್ಣ ಫ್ಯಾನ್ ಒಂದೇ ಹಂಗಾಮಿನಲ್ಲಿ ಧೂಳು ಕಟ್ಟಿ ನಿಲ್ಲುತ್ತದೆ. ನಿಂತ ಫ್ಯಾನ್ ಇರುವ ಕವಚ, ಫ್ಯಾನೇ ಇಲ್ಲದ ಅಲ್ಯೂಮಿನಿಯಂ ಕವಚಕ್ಕಿಂತ ಹೆಚ್ಚು ಬಿಸಿಯಾಗುತ್ತದೆ.

ಕರೆಂಟ್

ಯುಪಿಎಸ್‌ಗೆ ಪ್ಲೇಯರ್, ಸ್ಪ್ಲಿಟರ್, ರೂಟರ್ ಮಾತ್ರ ಕೊಡಿ. ಟಿವಿಗಳು ನೇರ ಲೈನ್‌ನಲ್ಲೇ ಇರಲಿ. ಲೆಕ್ಕ ಹೀಗಿದೆ: 600 ವಿಎ ಯುಪಿಎಸ್ ಒಳಗೆ ಸಾಮಾನ್ಯವಾಗಿ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ, ಅಂದರೆ 84 ವ್ಯಾಟ್-ಅವರ್. ಎರಡು ಟಿವಿ ಸೇರಿಸಿದರೆ 150–200 ವ್ಯಾಟ್ ಎಳೆದು ಕಾಲು ತಾಸಿನಲ್ಲಿ ಬರಿದಾಗುತ್ತದೆ. ಸಣ್ಣ ಸಾಮಾನು ಮೂರೂ ಸೇರಿ 20 ವ್ಯಾಟ್ ಮೀರುವುದಿಲ್ಲ, ತಾಸಿನ ಮೇಲೆ ನಿಲ್ಲುತ್ತದೆ. ಪರದೆ ಕತ್ತಲಾದರೆ ಯಾರಿಗೂ ನಷ್ಟವಿಲ್ಲ. ಪ್ಲೇಯರ್ ಬರೆಯುತ್ತಿದ್ದಾಗಲೇ ಕರೆಂಟ್ ಕಡಿದರೆ ಮೆಮೊರಿ ಕಾರ್ಡ್‌ನ ಫೈಲುಗಳು ಕೆಡುತ್ತವೆ, ಮರುದಿನ ಪೈ ಏಳುವುದೇ ಇಲ್ಲ. ಈ ಜೋಡಣೆಗಳು ನಿಲ್ಲುವುದಕ್ಕೆ ಎಲ್ಲಕ್ಕಿಂತ ಹೆಚ್ಚಿನ ಕಾರಣ ಇದೇ.

ಮೊಬೈಲ್ ಚಾರ್ಜರ್‌ನಿಂದ ಪೈ ಓಡಿಸಬೇಡಿ. ವೋಲ್ಟೇಜ್ 4.63ಕ್ಕಿಂತ ಇಳಿದರೆ ಬೋರ್ಡಿನ ಕೆಂಪು ದೀಪ ಮಿಣುಕುತ್ತದೆ ಅಥವಾ ಆರುತ್ತದೆ. ಕಾರಣವಿಲ್ಲದೆ ಮತ್ತೆ ಮತ್ತೆ ರೀಸ್ಟಾರ್ಟ್ ಆಗುವ ಪೈನಲ್ಲಿ ಮೊದಲು ನೋಡಬೇಕಾದದ್ದು ಈ ದೀಪ. ಟಿವಿಗೂ ಯುಪಿಎಸ್‌ಗೂ ಒಂದೇ ಬೋರ್ಡಿನಿಂದ, ಸರಿಯಾದ ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್‌ನಿಂದ ಲೈನ್ ಕೊಡಿ. ಅರ್ಥಿಂಗ್ ಇಲ್ಲದ ಕಡೆ ಎಚ್‌ಡಿಎಂಐ ಪಿನ್ ಹಿಡಿದರೆ ಕೈಗೆ ಜುಮ್ ಎನ್ನುತ್ತದೆ. ಆ ಸೋರಿಕೆಯೇ ಪೋರ್ಟ್ ಸುಡುವುದು. ಎರಡೂ ಕಡೆ ಬಂದ್ ಮಾಡಿಯೇ ಕೇಬಲ್ ಚುಚ್ಚಿ.

ಕೇಬಲ್‌ಗೆ ಬಂದರೆ, 1080 ರೆಸಲ್ಯೂಶನ್‌ಗೆ ಒಳ್ಳೆಯ ಎಚ್‌ಡಿಎಂಐ ಕೇಬಲ್ 10 ಮೀಟರ್‌ವರೆಗೆ ನಡೆಯುತ್ತದೆ. ಅದಕ್ಕೂ ಉದ್ದ ಬೇಕಾದರೆ ಕ್ಯಾಟ್ 6 ಕೇಬಲ್ ಮೇಲೆ ಓಡುವ ಎಕ್ಸ್‌ಟೆಂಡರ್ ತನ್ನಿ. ಪೈ 4ಕ್ಕೆ ಎರಡು ಮೈಕ್ರೊ ಎಚ್‌ಡಿಎಂಐ ಕಿಂಡಿ ಇವೆ, ಕರೆಂಟ್ ಕಿಂಡಿಯ ಪಕ್ಕದ್ದನ್ನೇ ಬಳಸಿ. ಸಣ್ಣ ಕನ್ವರ್ಟರ್ ಮೂತಿ ಹಾಕಿ ದಪ್ಪ ಕೇಬಲ್ ತೂಗುಬಿಟ್ಟರೆ ಭಾರಕ್ಕೆ ಕಿಂಡಿ ಸಡಿಲಾಗುತ್ತದೆ.

ಸಾಫ್ಟ್‌ವೇರ್

ಇದು ಎಲ್ಲಕ್ಕಿಂತ ಸುಲಭದ ಭಾಗ. ಕಂಪ್ಯೂಟರ್‌ನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ (ಕಾರ್ಡ್‌ಗೆ ಓಎಸ್ ಬರೆಯುವ ತಂತ್ರಾಂಶ) ತೆರೆದು, ಸಾಧನ ಪೈ 4 ಆರಿಸಿ, ಓಎಸ್ ಪಟ್ಟಿಯ ಡಿಜಿಟಲ್ ಸೈನೇಜ್ ವಿಭಾಗದಲ್ಲಿ ‘ಆಂಥಿಯಾಸ್’ ಹಿಡಿದು ಕಾರ್ಡ್‌ಗೆ ಬರೆಯಿರಿ. ಇದು ಮೊದಲು ಸ್ಕ್ರೀನ್ಲಿ ಓಎಸ್‌ಇ ಎನ್ನಿಸಿಕೊಂಡಿದ್ದ ಉಚಿತ, ಮುಕ್ತ ತಂತ್ರಾಂಶ. ಕಾರ್ಡ್ ಹಾಕಿ, ಲ್ಯಾನ್ ಕೇಬಲ್ ಚುಚ್ಚಿ, ಕರೆಂಟ್ ಕೊಡಿ. ಮೊದಲ ಸಲ ಕೆಲವು ನಿಮಿಷ ಹಿಡಿಯುತ್ತದೆ, ಅವಸರಪಟ್ಟು ಕೀಳಬೇಡಿ. ಪರದೆಯ ಮೇಲೆ ಐಪಿ ವಿಳಾಸ, ಅಂದರೆ ರೂಟರ್ ಈ ಪ್ಲೇಯರ್‌ಗೆ ಕೊಟ್ಟ ಸಂಖ್ಯೆ ಮೂಡುತ್ತದೆ. ಅದೇ ರೂಟರ್‌ಗೆ ಸೇರಿದ ಮೊಬೈಲ್‌ನ ಬ್ರೌಸರ್‌ನಲ್ಲಿ ಆ ವಿಳಾಸ ಹೊಡೆದರೆ ಪ್ಲೇಯರ್‌ನ ಪುಟ ತೆರೆಯುತ್ತದೆ. ಚಿತ್ರ, ವಿಡಿಯೊ ಏರಿಸುವುದು, ಎಷ್ಟು ಸೆಕೆಂಡು, ಯಾವಾಗಿನಿಂದ ಯಾವಾಗಿನವರೆಗೆ ಎಂದು ಹೇಳುವುದು ಎಲ್ಲ ಅಲ್ಲೇ.

ಎರಡು ಕೆಲಸ ಅಂದೇ ಮುಗಿಸಿ. ಸೆಟ್ಟಿಂಗ್ಸ್‌ನಲ್ಲಿ ಯೂಸರ್ ಹೆಸರು, ಪಾಸ್‌ವರ್ಡ್ ಇಡಿ, ಇಲ್ಲದಿದ್ದರೆ ನಿಮ್ಮ ವೈಫೈ ಸಿಕ್ಕ ಯಾರು ಬೇಕಾದರೂ ದರ ಬದಲಿಸಬಹುದು. ಇನ್ನೊಂದು, ರೂಟರ್‌ನಲ್ಲಿ ಪ್ಲೇಯರ್‌ಗೆ ಆ ಐಪಿಯನ್ನೇ ಕಾಯಂ ಮಾಡಿ, ಇಲ್ಲವಾದರೆ ರೂಟರ್ ರೀಸ್ಟಾರ್ಟ್ ಆದಾಗ ವಿಳಾಸ ಬದಲಾಗುತ್ತದೆ.

ಅಕ್ಷರ ಓದಲು ಬರಬೇಕು

ಇಲ್ಲಿ ಹೊತ್ತು ಕೊಡಿ, ಏಕೆಂದರೆ ರೈತ ನೋಡುವುದು ಇದನ್ನೇ. ದೂರದಿಂದ ಓದಲು 10 ಅಡಿಗೆ 1 ಇಂಚು ಅಕ್ಷರ ಎಂಬುದು ಬೋರ್ಡ್ ಬರೆಯುವವರ ಹಳೆಯ ಲೆಕ್ಕ. 43 ಇಂಚಿನ ಪರದೆಯ ಎತ್ತರ ಸುಮಾರು 53.5 ಸೆಂಟಿಮೀಟರ್, ಅದರಲ್ಲಿ 1080 ಚುಕ್ಕಿ. ಅಂದರೆ 1 ಇಂಚಿಗೆ 50 ಚುಕ್ಕಿ ಹಿಡಿಯಿರಿ. ಕಟ್ಟೆಯ ಮೇಲೆ ನಿಂತವರು 20 ಅಡಿ ದೂರ ಇದ್ದರೆ ಅಕ್ಷರ 2 ಇಂಚು, 100 ಚುಕ್ಕಿ ಎತ್ತರ ಬೇಕು. ಕನ್ನಡಕ್ಕೆ ಇದಿಷ್ಟೇ ಸಾಲದು. ‘ಉದ್ದು’ ಎಂದು ಬರೆದ ಸಾಲಿನ ಕೆಳಗೆ ‘ಹೆಸರು’ ಒತ್ತಾಗಿ ಬಂದರೆ ದ-ಒತ್ತು ಕೆಳಗಿನ ಅಕ್ಷರದ ತಲೆಕಟ್ಟಿಗೆ ತಾಗುತ್ತದೆ, ದೂರದಿಂದ ಎರಡೂ ಕಲಸಿ ಕಾಣುತ್ತವೆ. ಒತ್ತಿಗೆ ಇನ್ನೂ 50 ಚುಕ್ಕಿ ಬಿಡಿ. ಸಾಲಿಗೆ 150 ಚುಕ್ಕಿ ಆಯಿತು, ಪರದೆಗೆ ಏಳೇ ಸಾಲು: ಮೇಲೆ ದಿನಾಂಕ ಸಹಿತ ತಲೆಬರಹ, ಕೆಳಗೆ ತೊಗರಿ, ಕಡಲೆ, ಉದ್ದು, ಹೆಸರು, ಸೋಯಾ, ಜೋಳ. ಎಂಟನೆಯದು ಬೇಕೆಂದರೆ ಅಕ್ಷರ ಸಣ್ಣದು ಮಾಡಬೇಡಿ, ಎರಡನೇ ಚಿತ್ರ ಮಾಡಿ. ಅಡ್ಡಕ್ಕೆ ಬೆಳೆ, ಕನಿಷ್ಠ, ಗರಿಷ್ಠ, ಮೂರೇ ಅಂಕಣ. ‘ಕ್ವಿಂಟಲ್‌ಗೆ ರೂಪಾಯಿ’ ಎಂಬುದು ತಲೆಬರಹದಲ್ಲಿ ಒಮ್ಮೆ ಬಂದರೆ ಸಾಕು.

ತೀರಾ ದಪ್ಪ ಫಾಂಟ್ ಬೇಡ, ‘ಠ’ದ ಒಳಗಿನ ಚುಕ್ಕಿ, ‘ಅ’ದ ಸುರುಳಿ ಮುಚ್ಚಿಹೋಗುತ್ತವೆ. ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡದ ಮಧ್ಯಮ ದಪ್ಪ ಚೆನ್ನಾಗಿ ಕಾಣುತ್ತದೆ. ಕಡುನೀಲಿಯ ಮೇಲೆ ಬಿಳಿ ಅಥವಾ ಹಳದಿ. ಓಡುವ ಪಟ್ಟಿ ಹಾಕಲೇಬೇಡಿ: ನಿಧಾನ ಓದುವವರಿಗೆ ‘ಗರಿಷ್ಠ’ ಕೂಡಿಸುವಷ್ಟರಲ್ಲಿ ಅಂಕಿ ಹೊರಟುಹೋಗಿರುತ್ತದೆ. ಒಂದು ಪಟ್ಟಿಗೆ 15 ಸೆಕೆಂಡು ಕೊಡಿ.

ದರಪಟ್ಟಿಯನ್ನು 1920 ಅಗಲ, 1080 ಎತ್ತರದ ಪಿಎನ್‌ಜಿ ಚಿತ್ರವಾಗಿಯೇ ಏರಿಸಿ. ಕ್ಯಾನ್ವಾದಲ್ಲಿ ಒಮ್ಮೆ ಮಾದರಿ ಮಾಡಿಟ್ಟರೆ ದಿನಾ ಮೊಬೈಲ್‌ನಲ್ಲೇ ಅಂಕಿ ಬದಲಿಸಬಹುದು. ಡಿಟಿಪಿ ಅಂಗಡಿಯಿಂದ ಬರುವ ನುಡಿ, ಶ್ರೀಲಿಪಿಯ ಹಳೆಯ ಬಗೆಯ ಫೈಲ್ ಯೂನಿಕೋಡ್ ಅಲ್ಲ. ಬೇರೆ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಅವರಿಂದಲೂ ಚಿತ್ರವನ್ನೇ ಕೇಳಿ. ಜೊತೆಗೆ ಉರ್ದು ಹಾಕುವವರಿಗೆ ಇದು ಇನ್ನೂ ಮುಖ್ಯ: ನಸ್ತಾಲೀಖ್ ಲಿಪಿ ಓರೆಯಾಗಿ ಇಳಿಯುವುದರಿಂದ ಎತ್ತರ ಹೆಚ್ಚು ಬೇಡುತ್ತದೆ, ಫಾಂಟ್ ಇಲ್ಲದಿದ್ದರೆ ರೂಪವೇ ಬದಲಾಗುತ್ತದೆ. ಅಂಗಡಿಯ ನಾಮಫಲಕವನ್ನೂ ಪರದೆಯಲ್ಲೇ ತೋರಿಸುವುದಾದರೆ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ಫಲಕದ 60 ಶೇಕಡಾ ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕು.

ವಿಡಿಯೊ ಎಂಪಿ4, ಎಚ್.264, 1080, ಸೆಕೆಂಡಿಗೆ 25 ಫ್ರೇಮ್ ಇರಲಿ. ಮೊಬೈಲ್‌ನ 4ಕೆ ವಿಡಿಯೊ ಹಾಗೇ ಹಾಕಿದರೆ ತಡೆತಡೆದು ಓಡುತ್ತದೆ, ಪೈ 4ರ ಎಚ್.264 ಡಿಕೋಡರ್‌ನ ಮಿತಿ 1080. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಬದಲಿಸುವ ತಂತ್ರಾಂಶದಲ್ಲಿ 1080ಕ್ಕೆ ಇಳಿಸಿಕೊಳ್ಳಿ.

ಪ್ರತಿ ದರಪಟ್ಟಿಗೂ ಮುಗಿಯುವ ಸಮಯ ಹಾಕಿ, ನಾಳೆ ಬೆಳಿಗ್ಗೆ 9 ಎಂದು. ನಿನ್ನೆಯ ದರ ಇಂದಿನದೆಂದು ರೈತ ಓದಿದರೆ ಗಾದಿಯ ಮುಂದೆ ಜಗಳ ಖಂಡಿತ. ಇದರಲ್ಲೊಂದು ತೊಡಕು ಇದೆ: ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ, ಎದ್ದಾಗ ಇಂಟರ್ನೆಟ್‌ನಿಂದ ಹೊತ್ತು ಕೇಳುತ್ತದೆ. ಇಂಟರ್ನೆಟ್ ಸಿಗದಿದ್ದರೆ ತಪ್ಪು ದಿನಾಂಕದಲ್ಲಿ ಪಟ್ಟಿಯೇ ಮೂಡದಿರಬಹುದು. ಅಂಗಡಿಯ ಹೆಸರಿನ ಒಂದು ಚಿತ್ರಕ್ಕೆ ಮುಗಿಯುವ ವರ್ಷವನ್ನು ಬಹಳ ಮುಂದೆ, ಶುರುವಿನ ವರ್ಷವನ್ನು ಬಹಳ ಹಿಂದೆ ಇಟ್ಟು ಯಾವಾಗಲೂ ಓಡಲು ಬಿಡಿ. ಪರದೆಯಲ್ಲಿ ಬರೀ ಹೆಸರು ಕಂಡರೆ ಇಂಟರ್ನೆಟ್ ನೋಡಬೇಕೆಂದು ಅಂಗಡಿಯ ಹುಡುಗರಿಗೂ ತಿಳಿಯುತ್ತದೆ.

ಮೇನ್ ಇಳಿಸಿ ನೋಡುವುದು

ಎಲ್ಲ ಜೋಡಿಸಿದ ಮೇಲೆ ಅಂಗಡಿಯ ಮೇನ್ ಇಳಿಸಿ, ಐದು ನಿಮಿಷ ಬಿಟ್ಟು ಏರಿಸಿ. ಎರಡೂ ಪರದೆ ತಾವೇ ಬರಬೇಕು. ಹತ್ತು ಸಲ ಮಾಡಿ, ಅದರಲ್ಲಿ ಮೂರು ಸಲ ಯುಪಿಎಸ್ ಕೂಡ ಬಂದ್ ಮಾಡಿ. ಟಿವಿ ಚಾಲೂ ಆಗಿಯೂ ‘ನೋ ಸಿಗ್ನಲ್’ ಎಂದರೆ, ಟಿವಿ ಸತ್ತಿದ್ದಾಗ ಪ್ಲೇಯರ್ ಎದುರಿಗೆ ಪರದೆ ಇಲ್ಲವೆಂದು ಸಿಗ್ನಲ್ ನಿಲ್ಲಿಸಿದೆ ಎಂದರ್ಥ. ಪೈ ಮತ್ತು ಸ್ಪ್ಲಿಟರ್ ನಡುವೆ ಇಡಿಐಡಿ ಎಮ್ಯುಲೇಟರ್ ಎಂಬ ಹೆಬ್ಬೆರಳಿನಷ್ಟು ತುಂಡು ಹಾಕಿ. ಅದು ಪರದೆ ಸದಾ ಇದೆ ಎಂದೇ ಪ್ಲೇಯರ್‌ಗೆ ಹೇಳುತ್ತಿರುತ್ತದೆ. ಒಂದೇ ಪರದೆ ಬಾರದಿದ್ದರೆ ಎರಡರ ಕೇಬಲ್ ಅದಲುಬದಲು ಮಾಡಿ: ತೊಂದರೆ ಕೇಬಲ್ ಜೊತೆ ಹೋದರೆ ಕೇಬಲ್, ಟಿವಿಯಲ್ಲೇ ಉಳಿದರೆ ಟಿವಿ.

ಹತ್ತೂ ಸಲ ಸರಿ ಬಂದರೆ ಪೈ ಬಂದ್ ಮಾಡಿ ಕಾರ್ಡ್ ತೆಗೆದು, ಕಂಪ್ಯೂಟರ್‌ನಲ್ಲಿ ಅದರ ಪೂರ್ತಿ ನಕಲನ್ನು ಎರಡನೇ ಕಾರ್ಡ್‌ಗೆ ಇಳಿಸಿ. ಐಪಿ ವಿಳಾಸ ಬರೆದ ಚೀಟಿಯ ಜೊತೆ ಆ ಕಾರ್ಡನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಯುಪಿಎಸ್ ಮೇಲೆ ಟೇಪ್ ಹಚ್ಚಿಡಿ. ಹಂಗಾಮಿನ ನಡುವೆ ಕಾರ್ಡ್ ಕೆಟ್ಟರೆ ಅದನ್ನು ತೆಗೆದು ಇದನ್ನು ಹಾಕುವುದು ಎರಡು ನಿಮಿಷದ ಕೆಲಸ.