ನಾಲ್ಕು ಕೇಬಲ್, ಒಂದು ಗಾಂಧಾರ

ಬಿಡಿ ಮಾಡ್ಯೂಲ್‌ಗಳನ್ನು ಕೇಬಲ್‌ನಿಂದ ಜೋಡಿಸಿ ನಾದ ಹುಟ್ಟಿಸುವ ಮಾಡ್ಯುಲರ್ ಸಿಂತಸೈಜರ್‌ನಲ್ಲಿ ತೋಡಿ ರಾಗ ನುಡಿಸಲು ಕೂತ ಮೊದಲ ರಾತ್ರಿ ಸ್ವರಗಳನ್ನು ವೋಲ್ಟೇಜ್ ಆಗಿ ಸಾಲಾಗಿ ಕಳಿಸುವ ಸೀಕ್ವೆನ್ಸರ್‌ಗೆ ಸ ರಿ ಗ ಮ ಹಾಕಿದೆ. ಸ್ವರಸ್ಥಾನಗಳೆಲ್ಲ ಸರಿಯಾಗಿಯೇ ಇದ್ದವು, ರಾಗ ಮಾತ್ರ ಬರಲಿಲ್ಲ. ತೋಡಿಯ ಗಾಂಧಾರ ಒಂದೇ ಕಡೆ ನಿಲ್ಲುವ ಸ್ವರವಲ್ಲವಲ್ಲ! ರಿಷಭದಿಂದ ಮಧ್ಯಮದವರೆಗೆ ತೂಗಿದರೇ ಅದು ಗಾಂಧಾರ.

ದಾರಿ ತೋರಿಸಿದ್ದು ಮ್ಯಾಥ್ಸ್ ಎಂಬ ಮಾಡ್ಯೂಲ್. ಟೋನಿ ರೊಲಾಂಡೊ 2008ರಲ್ಲಿ ಅಮೆರಿಕದ ಆಶ್‌ವಿಲ್‌ನಲ್ಲಿ ಶುರುಮಾಡಿದ ಮೇಕ್ ನಾಯ್ಸ್ ಕಂಪನಿಯದು. ಇದರ ಬೇರು ಸಿಂತಸೈಜರ್ ವಿನ್ಯಾಸಕ ಸರ್ಜ್ ಚೆರೆಪ್ನಿನ್ ಅವರ 1970ರ ದಶಕದ ಸ್ಲೋಪ್ ಜನರೇಟರ್‌ನಲ್ಲಿದೆ. ನಾಲ್ಕು ಚಾನೆಲ್. ಒಂದು ಮತ್ತು ನಾಲ್ಕನೆಯವು ವೋಲ್ಟೇಜನ್ನು ಏರಿಸಿ ಇಳಿಸುತ್ತವೆ, ಎರಡು ವೇಗಗಳನ್ನೂ ಬೇರೆ ಬೇರೆ ಇಡಬಹುದು. ಎರಡು ಮತ್ತು ಮೂರನೆಯವು ವೋಲ್ಟೇಜನ್ನು ಕುಗ್ಗಿಸುವುದಕ್ಕೆ ಅಥವಾ ತಲೆಕೆಳಗು ಮಾಡುವುದಕ್ಕೆ. ನಾಲ್ಕೂ ಸೇರಿದ ಮೊತ್ತ ಸಮ್ ಔಟ್‌ಪುಟ್‌ನಲ್ಲಿ ಸಿಗುತ್ತದೆ. ಹೆಚ್ಚಿನವರಂತೆ ನಾನೂ ಇದನ್ನು ಬಹಳ ದಿನ ಬರೀ ಎನ್ವಲಪ್‌ಗೆ, ಅಂದರೆ ಸದ್ದು ಏರಿ ಇಳಿಯುವ ಆಕಾರಕ್ಕೆ ಬಳಸಿದೆ.

ಚಿಕ್ಕಂದಿನಲ್ಲಿ ವೀಣೆ ಕಲಿತಿದ್ದೆ. ವೀಣೆಯಲ್ಲಿ ಮೆಟ್ಟಿನ ಮೇಲೆ ತಂತಿ ಎಳೆದರೆ ಸ್ವರ ಮೇಲಕ್ಕಷ್ಟೇ ಹೋಗುತ್ತದೆ, ಬಿಟ್ಟರೆ ಮೊದಲಿನ ಜಾಗಕ್ಕೆ ಮರಳುತ್ತದೆ. ರಿಷಭದ ಮೆಟ್ಟಿನಲ್ಲೇ ಬೆರಳಿಟ್ಟು ಎಳೆದು ಗಾಂಧಾರ ತರಿಸುತ್ತಿದ್ದರು ನಮ್ಮ ಮೇಷ್ಟ್ರು. ಮ್ಯಾಥ್ಸ್‌ನ ನಾಲ್ಕನೇ ಚಾನೆಲ್ ತಾನಾಗಿ ಸುತ್ತುವಾಗ ಸೊನ್ನೆಯಿಂದ 8 ವೋಲ್ಟ್‌ವರೆಗೆ ಏರಿ ಮತ್ತೆ ಸೊನ್ನೆಗೆ ಇಳಿಯುತ್ತದೆ, ಸೊನ್ನೆಯಿಂದ ಕೆಳಗೆ ಹೋಗುವುದೇ ಇಲ್ಲ. ಎಳೆದು ಬಿಟ್ಟ ತಂತಿಯ ನಡೆಯೇ ಇದು. ಅದು ಹೊಳೆದ ಕ್ಷಣ ಸೀಕ್ವೆನ್ಸರ್‌ನಲ್ಲಿ ಗಾಂಧಾರವನ್ನು ಅಳಿಸಿ ಅಲ್ಲಿ ರಿಷಭ ಬರೆದೆ.

ಪ್ಯಾಚ್, ಅಂದರೆ ಕೇಬಲ್ ಜೋಡಣೆ ಹೀಗೆ. ಸೀಕ್ವೆನ್ಸರ್‌ನ ಸ್ವರದ ವೋಲ್ಟೇಜ್ ಒಂದನೇ ಚಾನೆಲ್‌ನ ಸಿಗ್ನಲ್ ಇನ್‌ಪುಟ್‌ಗೆ. ಗಾಂಧಾರದ ಜಾಗದಲ್ಲಿ ಮಾತ್ರ ಬರುವ ಗೇಟ್ (ಆನ್-ಆಫ್ ವೋಲ್ಟೇಜ್) ನಾಲ್ಕನೇ ಚಾನೆಲನ್ನು ಸುತ್ತಿಸುವ ಸೈಕಲ್ ಇನ್‌ಪುಟ್‌ಗೆ. ನಾಲ್ಕರ ನಾಬ್ ದಾಟಿ ಬರುವ ಔಟ್‌ಪುಟ್ ಮೂರರ ಇನ್‌ಪುಟ್‌ಗೆ. ಸಮ್‌ನಿಂದ ನಾದ ಹುಟ್ಟಿಸುವ ಆಸಿಲೇಟರ್‌ಗೆ. ಗೇಟ್ ಇರುವಷ್ಟು ಹೊತ್ತು ಸ್ವರ ತೂಗುತ್ತದೆ. ಗೇಟ್ ಹೋದಮೇಲೂ ನಡುವೆ ತುಂಡಾಗದೆ, ಹಿಡಿದ ಸುತ್ತನ್ನು ಮುಗಿಸಿಯೇ ನಿಲ್ಲುತ್ತದೆ. ಸ, ಪ ಅಲುಗುವುದಿಲ್ಲ.

ನಾಲ್ಕನ್ನು ಮೂರರ ಮೂಲಕ ಯಾಕೆ ತಂದೆ ಎಂದರೆ, ಆಸಿಲೇಟರ್‌ನ ನಾದ ಒಂದು ಸ್ಥಾಯಿ ಏರಲು 1 ವೋಲ್ಟ್ ಸಾಕು. ಶುದ್ಧ ರಿಷಭದಿಂದ ಶುದ್ಧ ಮಧ್ಯಮಕ್ಕೆ ನಾಲ್ಕು ಸ್ವರಸ್ಥಾನ, ಅಂದರೆ ಸುಮಾರು 0.33 ವೋಲ್ಟ್. 8 ವೋಲ್ಟ್‌ನಲ್ಲಿ ಅದು ಬರೀ ನಾಲ್ಕು ಪಾಲು ಚಿಲ್ಲರೆ, ನೂರಕ್ಕೆ. ಒಂದೇ ನಾಬ್‌ನಲ್ಲಿ ಇಷ್ಟು ಸಣ್ಣ ಅಳತೆ ಹಿಡಿಯಲು ಹೋದರೆ ಬೆರಳು ಸ್ವಲ್ಪ ಜಾರಿದರೂ ಪಂಚಮ ದಾಟುತ್ತದೆ. ನಾಲ್ಕರ ನಾಬ್‌ನಲ್ಲೊಮ್ಮೆ, ಮೂರರದರಲ್ಲೊಮ್ಮೆ, ಹೀಗೆ ಎರಡು ಸಲ ಕುಗ್ಗಿಸಿದರೆ ಕಿವಿಗೆ ಬೇಕಾದಲ್ಲಿ ನಿಲ್ಲಿಸಬಹುದು. ನಾಲ್ಕರ ಔಟ್‌ಪುಟ್‌ಗೆ ಕೇಬಲ್ ಚುಚ್ಚಿದ ಕೂಡಲೇ ಆ ಚಾನೆಲ್ ಸಮ್‌ನಿಂದ ಬಿಟ್ಟುಹೋಗುವುದೂ ಇಲ್ಲಿ ನಮಗೆ ಅನುಕೂಲ.

ಒಂದು ಸಂಜೆ ಪೂರ್ತಿ ಶ್ರುತಿ ಕೂಡದೆ ಹೈರಾಣಾದೆ. ಎರಡನೇ ಚಾನೆಲ್‌ಗೆ ಏನೂ ಚುಚ್ಚದಿದ್ದರೆ ಒಳಗಿನಿಂದ 10 ವೋಲ್ಟ್ ಬರುತ್ತಿರುತ್ತದೆ. ಅದರ ನಾಬ್ ನಡುವಿನಿಂದ ಕೂದಲೆಳೆ ಸರಿದಿತ್ತು, ಅಷ್ಟೇ. ಒಂದನೇ ಚಾನೆಲ್‌ನ ನಾಬ್ ಬಲಕ್ಕೆ ಪೂರ್ತಿ ತಿರುಗಿರಬೇಕು, ಇಲ್ಲದಿದ್ದರೆ ತಾರಷಡ್ಜ ತಗ್ಗುತ್ತದೆ. ಮೊದಲು ಮಧ್ಯ ಸ, ತಾರ ಸ ಎರಡನ್ನೂ ತಂಬೂರಿಗೆ ಕೂಡಿಸಿಕೊಂಡೇ ಮುಂದುವರಿಯಿರಿ.

ಒಂದನೇ ಚಾನೆಲ್‌ನ ಏರಿಳಿತದಿಂದ ಜಾರು ಬರುತ್ತದೆ. ಏರು ಚುರುಕಾಗಿ, ಇಳಿತ ತುಸು ನಿಧಾನವಾಗಿ ಇಟ್ಟಿದ್ದೇನೆ. ಹೆಚ್ಚಾದರೆ ಎಲ್ಲ ಸ್ವರವೂ ಎಣ್ಣೆಯಲ್ಲಿ ಅದ್ದಿದಂತಾಗುತ್ತದೆ.

ಆದರೆ ನಾನು ಅತಿ ಹೆಚ್ಚು ಹೊತ್ತು ಕೂತದ್ದು ನಾಲ್ಕನೇ ಚಾನೆಲ್‌ನ ವಕ್ರತೆಯ ನಾಬ್ ಮುಂದೆ. ಎಕ್ಸ್‌ಪೊನೆನ್ಶಿಯಲ್ ಕಡೆಗೆ ತಿರುಗಿಸಿದರೆ ನಾದ ರಿಷಭಕ್ಕೆ ಅಂಟಿಕೊಂಡು ಮಧ್ಯಮವನ್ನು ಚುಚ್ಚಿ ಓಡಿಬರುತ್ತದೆ. ಲಾಗರಿದಮಿಕ್ ಕಡೆಗೆ ತಿರುಗಿಸಿದರೆ ಮಧ್ಯಮದಲ್ಲೇ ತಂಗುತ್ತದೆ. ನೇರ ಗೆರೆಯಿಂದ ಸ್ವಲ್ಪವೇ ಲಾಗ್ ಕಡೆ ಸರಿದಾಗ ತೋಡಿ ಬಂದು ಕೂತಿತು. ರೋಮಾಂಚನವಾಯಿತು.

ಪ್ರತಿ ಸಲವೂ ಒಂದೇ ವೇಗದ ಕಂಪಿತ (ಸ್ವರ ತೂಗುವ ಗಮಕ) ಕೇಳಿದರೆ ಯಂತ್ರದ ವಾಸನೆ ಹೊಡೆಯುತ್ತದೆ. ಅದಕ್ಕೆ ಏರು, ಇಳಿತ ಎರಡರ ವೇಗವನ್ನೂ ಒಟ್ಟಿಗೆ ಬದಲಿಸುವ ನಾಲ್ಕರ ‘ಬೋತ್’ ಇನ್‌ಪುಟ್‌ಗೆ ಜಾಯ್‌ಸ್ಟಿಕ್ ಜೋಡಿಸಿದ್ದೇನೆ. ವೋಲ್ಟೇಜ್ ಹೆಚ್ಚಿದರೆ ತೂಗು ಚುರುಕಾಗುತ್ತದೆ. ಇದೊಂದನ್ನು ಕೈಯಲ್ಲೇ ಮಾಡಬೇಕು, ರ್‍ಯಾಂಡಮ್ ಮಾಡ್ಯೂಲ್‌ಗೆ ಬಿಟ್ಟರೆ ಸಂಗತಿಯ ಅರಿವಿಲ್ಲದೆ ಕುಣಿಯುತ್ತದೆ.

ನಿಷಾದಕ್ಕೆ ಬೇರೆ ಪ್ಯಾಚ್ ಬೇಕಾಗಲಿಲ್ಲ. ಶುದ್ಧ ಧೈವತದಿಂದ ಷಡ್ಜಕ್ಕೂ ನಾಲ್ಕೇ ಸ್ವರಸ್ಥಾನ. ನಿ ಇರುವಲ್ಲಿ ದ ಬರೆದು ಗೇಟ್ ಹಾಕಿದೆ, ಯಾವ ನಾಬನ್ನೂ ಮುಟ್ಟಲಿಲ್ಲ.